ಪ್ರಾಧ್ಯಾಪಕರ ಕೈಯಲ್ಲಿ ಜಾಲತಾಣ

2018ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ತಮ್ಮ ಪ್ರಬಂಧವೊಂದನ್ನು 'ಆರ್ಕೈವ್' ಎಂಬ ಮುಕ್ತ ಜಾಲಭಂಡಾರದಲ್ಲಿ ಇರಿಸಿದರು. ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ಪದಾರ್ಥವು ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗೆ, ಸಾಮಾನ್ಯ ವಾಯುಭಾರದಲ್ಲಿಯೇ, ಅತಿವಾಹಕವಾಗುತ್ತದೆ ಎಂಬುದು ಅವರ ಪ್ರತಿಪಾದನೆ. ಅತಿವಾಹಕವೆಂದರೆ ವಿದ್ಯುತ್ತಿನ ಹರಿವಿಗೆ ಲವಲೇಶವೂ ತಡೆಯೊಡ್ಡದ ವಸ್ತು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಈ ಗುಣವನ್ನು ಪಾದರಸದಲ್ಲಿ ಮೊದಲು ಕಂಡಾಗ ಅದನ್ನು ಸೊನ್ನೆಗಿಂತ 269 ಡಿಗ್ರಿ ಕೆಳಗಿನವರೆಗೆ ತಂಪುಗೊಳಿಸಬೇಕಾಗಿತ್ತು. ಅಷ್ಟೊಂದು ಶೈತ್ಯವಿಲ್ಲದೆಯೇ ಅದು ಸಾಧ್ಯವಾದರೆ ವಿದ್ಯುತ್ ತಂತಿಗಳಲ್ಲಿ ಆಗುವ ಸೋರಿಕೆಯೇ ಇಲ್ಲವಾದೀತು. ಸುದ್ದಿ ಲೋಕವನ್ನೆಲ್ಲ ಸುತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಹೆಚ್ಚು ದಿನ ಕಳೆಯುವ ಮೊದಲೇ ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಬ್ರಯನ್ ಸ್ಕಿನ್ನರ್ ಎಂಬ ತರುಣ ಭೌತವಿಜ್ಞಾನಿ ಆ ಪ್ರಬಂಧದ ನಕ್ಷೆಯೊಂದನ್ನು ದಿಟ್ಟಿಸಿ ನೋಡಿದರು. ಯಾವುದೇ ಅಳತೆಯಲ್ಲಿ ಉಪಕರಣದ ಕಂಪನದಿಂದ, ವಾತಾವರಣದಿಂದ ಚಿಕ್ಕ ಚಿಕ್ಕ ಏರಿಳಿತಗಳು ಸೇರಿಕೊಳ್ಳುತ್ತವೆ. ಅವು ಪ್ರತಿ ಸಲವೂ ಬೇರೆ ಬೇರೆಯಾಗಿರುತ್ತವೆ. ಇಲ್ಲಿ ಮಾತ್ರ ಎರಡು ಭಿನ್ನ ಕಾಂತಕ್ಷೇತ್ರಗಳಲ್ಲಿ ಮಾಡಿದ ಅಳತೆಗಳ ಏರಿಳಿತ ಒಂದೇ ತೆರನಾಗಿತ್ತು. ಅಂಗಳದ ಧೂಳಿನ ಮೇಲೆ ಎರಡು ಬೇರೆ ದಿನ ಬಿದ್ದ ಮಳೆಹನಿಗಳು ಒಂದೇ ಚಿತ್ರವನ್ನು ಬಿಡಿಸಿದಂತೆ! ಸ್ಕಿನ್ನರ್ ಇದನ್ನು ಕಿರುಟಿಪ್ಪಣಿಯಾಗಿ ಅದೇ ಭಂಡಾರದಲ್ಲಿ ಇರಿಸಿದರು, ಟ್ವಿಟರ್‌ನಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದರು. ವಂಚನೆಯ ಆರೋಪವನ್ನು ಅವರು ಹೊರಿಸಲಿಲ್ಲ. ಹೀಗೇಕಾಯಿತು ಎಂದು ಕೇಳಿದರು, ಅಷ್ಟೆ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪ್ರಾಧ್ಯಾಪಕ ಪ್ರತಾಪ್ ರಾಯ್‌ಚೌಧುರಿಯವರು ಫೇಸ್‌ಬುಕ್‌ನಲ್ಲಿ ಈ ಚರ್ಚೆಯನ್ನು ಮುಂದುವರಿಸಿದರು. ಹಿಂದಿನ ಕಾಲದಲ್ಲಿ ಇಂಥ ವಾದವು ವಿಚಾರಸಂಕಿರಣದ ಚಹಾ ವಿರಾಮದಲ್ಲಿ ನಾಲ್ವರ ನಡುವೆ ನಡೆದು ಮುಗಿಯುತ್ತಿತ್ತು. ಈಗ ಅದನ್ನು ದೂರದ ಊರಿನ ಬಿ.ಎಸ್‌ಸಿ. ವಿದ್ಯಾರ್ಥಿಯೂ ಓದಬಲ್ಲವನಾದನು. ಬೆಂಗಳೂರಿನ ಸಂಶೋಧಕರು 2019ರ ಮೇ ತಿಂಗಳಲ್ಲಿ ಹೆಚ್ಚಿನ ದತ್ತಾಂಶಗಳೊಡನೆ ಪರಿಷ್ಕೃತ ಪ್ರಬಂಧವನ್ನು ಮುಂದಿಟ್ಟರು. ಆದರೂ ಆ ಪ್ರತಿಪಾದನೆಯನ್ನು ವಿಜ್ಞಾನಲೋಕವು ಸಿದ್ಧಸತ್ಯವೆಂದು ಅಂಗೀಕರಿಸಿಲ್ಲ.

ಈ ಪ್ರಕರಣದ ನಡುವೆ ಒಂದು ವಿಚಿತ್ರವೂ ಜರಗಿತು. ಹಿರಿಯ ಭೌತವಿಜ್ಞಾನಿ ಟಿ.ವಿ. ರಾಮಕೃಷ್ಣನ್ ಅವರ ಹೆಸರಿನಲ್ಲಿ ಯಾರೋ ನಕಲಿ ಮಿಂಚಂಚೆ ವಿಳಾಸವನ್ನು ಸೃಷ್ಟಿಸಿ ರಾಯ್‌ಚೌಧುರಿಯವರಿಗೆ ಪತ್ರ ಬರೆದರು. ಅದು ರಾಮಕೃಷ್ಣನ್ ಬರೆದದ್ದಲ್ಲವೆಂದು ಅನಂತರ ತಿಳಿಯಿತು. ಪರಿಣತರ ಲೋಕದಲ್ಲಿಯೇ ಹೀಗಾಗುವುದಾದರೆ, ಮನೆಯ ವಾಟ್ಸಾಪ್ ಗುಂಪಿಗೆ 'ಪ್ರಸಿದ್ಧ ಡಾಕ್ಟರರು ಹೇಳಿದ್ದು' ಎಂದು ಬರುವ ಸಂದೇಶಗಳ ಗತಿಯೇನೆಂದು ಊಹಿಸಬಹುದು.

ಜಾಲತಾಣದಿಂದ ಪ್ರಾಧ್ಯಾಪಕರಿಗೆ ಆಗುವ ನಿಜವಾದ ಉಪಯೋಗ ಈ ಕಥೆಯಲ್ಲಿದೆ. ಸಂಶೋಧನ ಪ್ರಬಂಧ ಪ್ರಕಟವಾಯಿತು, ಸನ್ಮಾನವಾಯಿತು, ಶಾಲು ಹೊದಿಸಿದರು ಎಂಬ ಭಾವಚಿತ್ರಗಳಿಂದ ತುಂಬಿದ ಪುಟಗಳಿಗೆ ಕೊರತೆಯಿಲ್ಲ. ಅವುಗಳಿಂದ ಯಾರಿಗೂ ಹಾನಿಯಿಲ್ಲ, ಲಾಭವೂ ಅಷ್ಟಕ್ಕಷ್ಟೆ. ತನ್ನ ಕೆಲಸವನ್ನು ಇತರರ ಪರೀಕ್ಷೆಗೆ ಒಡ್ಡುವುದಕ್ಕೆ, ಇತರರ ಕೆಲಸವನ್ನು ಹೆಸರು ಹಾಕಿ, ಕಾರಣ ಕೊಟ್ಟು ಪ್ರಶ್ನಿಸುವುದಕ್ಕೆ, ತಪ್ಪಿದಾಗ ತಪ್ಪಿದೆನೆಂದು ಬರೆಯುವುದಕ್ಕೆ ಅದನ್ನು ಬಳಸುವವರು ವಿರಳ.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿ.ಪಿ.ಎಸ್. ಅವಾನ ಅಂಥ ವಿರಳರಲ್ಲಿ ಒಬ್ಬರು. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದಿಂದ ಇಂಥದ್ದೇ ಇನ್ನೊಂದು ಸುದ್ದಿ ಹೊರಟಿತು. ಸೀಸ, ತಾಮ್ರ, ರಂಜಕ ಹಾಗೂ ಆಮ್ಲಜನಕಗಳಿಂದಾದ 'ಎಲ್‌ಕೆ-99' ಎಂಬ ವಸ್ತು ಕುದಿಯುವ ನೀರಿಗಿಂತಲೂ ಬಿಸಿಯಾಗಿರುವಾಗ ಅತಿವಾಹಕವಾಗಿಯೇ ಉಳಿಯುತ್ತದೆ ಎಂಬ ಸುದ್ದಿ. ಅವಾನ ಅವರ ತಂಡ ಆ ವಸ್ತುವನ್ನು ತಾನೂ ತಯಾರಿಸಿ ನೋಡಿತು. ತಮ್ಮ ಮಾದರಿಯಲ್ಲಿ ಅತಿವಾಹಕತೆ ಕಾಣಿಸಲಿಲ್ಲವೆಂಬುದನ್ನು ಅವರು ಫೇಸ್‌ಬುಕ್‌ನಲ್ಲಿ ಪ್ರಕಟಿಸುತ್ತ ಹೋದರು. 'ಆಗಲಿಲ್ಲ' ಎಂಬ ಫಲಿತಾಂಶಕ್ಕೆ ಸಂಶೋಧನ ಪತ್ರಿಕೆಗಳಲ್ಲಿ ಜಾಗ ಸಿಗುವುದು ಕಷ್ಟ. ಆದರೆ ಅದೇ ಪ್ರಯೋಗಕ್ಕೆ ಕೈಹಾಕಲಿರುವ ಇನ್ನೊಬ್ಬರಿಗೆ ಅದಕ್ಕಿಂತ ಬೆಲೆಬಾಳುವ ಮಾಹಿತಿ ಇಲ್ಲ. ಆಗಸ್ಟ್ ಮುಗಿಯುವ ಮೊದಲೇ ಹಲವು ದೇಶಗಳ ಪ್ರಯೋಗಾಲಯಗಳು ಅದೇ ತೀರ್ಮಾನಕ್ಕೆ ಬಂದವು. ವಸ್ತುವಿನಲ್ಲಿ ಬೆರೆತಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶವೇ ಭ್ರಮೆಗೆ ಕಾರಣವೆಂದು ಗೊತ್ತಾಯಿತು.

ವೇಗದ ಪ್ರಯೋಜನಕ್ಕೆ 2020ರ ಜನವರಿಯ ನಿದರ್ಶನವೊಂದೇ ಸಾಕು. ಚೀನದ ಜಾಂಗ್ ಯೊಂಗ್‌ಝೆನ್ ಅವರ ತಂಡ ಓದಿದ ಹೊಸ ಕೊರೋನಾ ವೈರಸ್ಸಿನ, ಸುಮಾರು 30 ಸಾವಿರ ಅಕ್ಷರಗಳ ವಂಶಲಿಪಿಯನ್ನು ಸಿಡ್ನಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಡ್ವರ್ಡ್ ಹೋಮ್ಸ್ ಜಾಲದಲ್ಲಿ ಮುಕ್ತವಾಗಿರಿಸಿ, ಟ್ವಿಟರ್‌ನಲ್ಲಿ ಸಾರಿದರು. ಲಸಿಕೆ ತಯಾರಕರು ವೈರಸ್ಸಿನ ಮಾದರಿಗಾಗಿ ಕಾಯದೆ ಆ ಅಕ್ಷರಗಳನ್ನೇ ಆಧರಿಸಿ ಕೆಲಸ ಆರಂಭಿಸಿದರು.

ಹೀಗಿದ್ದರೂ ಹೆಚ್ಚಿನ ಅಧ್ಯಾಪಕರು ಹಿಂಜರಿಯುವುದೇಕೆ? ಮುಖ್ಯ ಕಾರಣ ಬಡ್ತಿಯ ಲೆಕ್ಕಾಚಾರ. ಯು.ಜಿ.ಸಿ.ಯ 2018ರ ನಿಯಮಾವಳಿಯಲ್ಲಿ ಸಂಶೋಧನ ಲೇಖನಕ್ಕೆ ಅಂಕವಿದೆ, ಗ್ರಂಥಕ್ಕೆ ಇದೆ, ಜಾಲದಲ್ಲಿ ಕಲಿಸುವ ಪಾಠಗಳಿಗೂ ಇದೆ. ಜನರಿಗೆ ತಿಳಿಯುವ ಭಾಷೆಯಲ್ಲಿ ಫೇಸ್‌ಬುಕ್‌ನಲ್ಲಿ ಬರೆದ ಬರಹಕ್ಕಿಲ್ಲ. ಎರಡನೆಯದು ಭಯ. ಬರೆದ ಎರಡು ಸಾಲಿನಿಂದ ಒಂದು ಸಾಲನ್ನು ಕಿತ್ತು ತೆಗೆದು ಊರೆಲ್ಲ ಹರಡುವ ಕಾಲವಿದು. ಆ ಭಯ ನಿರಾಧಾರವೆನ್ನಲಾಗದು.

ಗಡಿಯಾಚೆಯ ಕನ್ನಡ ಶಾಲೆಗಳ ಹೆತ್ತವರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಹಾಗಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಹತ್ತನೆಯ ತರಗತಿಯವರೆಗೆ 'ವಾಹಕ', 'ರೋಧ' ಎಂದು ಕಲಿತು, ಪ್ಲಸ್ ವನ್‌ಗೆ ಕಾಲಿಟ್ಟಾಗ 'ಕಂಡಕ್ಟರ್', 'ರೆಸಿಸ್ಟೆನ್ಸ್' ಎಂಬ ಪದಗಳ ನಡುವೆ ನಿಲ್ಲುತ್ತದೆ. ಪಕ್ಕದ ಬೆಂಚಿನವರು ಅದನ್ನೇ ಮಲಯಾಳದಲ್ಲಿ 'ಚಾಲಕ'ವೆಂದು ಕಲಿತು ಬಂದಿರುತ್ತಾರೆ. ಕನ್ನಡದ ಅತಿವಾಹಕತೆ ಮಲಯಾಳದಲ್ಲಿ ಅತಿಚಾಲಕತ. ಪದವಷ್ಟೇ ಬೇರೆ, ವಸ್ತು ಒಂದೇ ಎಂದು ಹೇಳಿಕೊಡುವವರೊಬ್ಬರು ಬೇಕು. ಪಠ್ಯಪುಸ್ತಕಕ್ಕೆ ಅಷ್ಟು ವ್ಯವಧಾನವಿಲ್ಲ. ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ವಾರಕ್ಕೊಂದು ಕಿರುಬರಹವನ್ನು ಕನ್ನಡದಲ್ಲಿ ಬರೆದು, ಇಂಗ್ಲಿಷ್ ಪದವನ್ನೂ ಪಕ್ಕದಲ್ಲಿ ಇಟ್ಟು ಹಂಚಿದರೆ ಆ ಕೆಲಸ ಆಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮ ಅವರು 'ಜಾಣಸುದ್ದಿ' ಎಂಬ ವಿಜ್ಞಾನದ ಧ್ವನಿಪತ್ರಿಕೆಯನ್ನು ವಾಟ್ಸಾಪ್ ಮೂಲಕ ಹಂಚಿ ಇದರ ದಾರಿ ತೋರಿದ್ದಾರೆ. ಓದುವುದಕ್ಕೆ ಬಿಡುವಿಲ್ಲದ ತಾಯಿಯೂ ಅಡುಗೆ ಮಾಡುತ್ತ ಕೇಳಬಹುದಾದದ್ದು ಅದು.

ವಿಜ್ಞಾನಕ್ಕಷ್ಟೇ ಇದು ಸೀಮಿತವಲ್ಲ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ, ಚಾಲದಲ್ಲಿರುವ ಕಣ್ಣೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗಗಳಿವೆ. ಸ್ಥಳನಾಮ, ಮನೆಮಾತಿನ ಪದ, ಹಳೆಯ ಓಲೆಗರಿ, ಯಕ್ಷಗಾನ ಪ್ರಸಂಗದ ಪಾಠಭೇದ ಮೊದಲಾದವುಗಳ ಅಧ್ಯಯನಕ್ಕೆ ಮಾಹಿತಿ ಇರುವುದು ಗ್ರಂಥಾಲಯಕ್ಕಿಂತ ಹೆಚ್ಚಾಗಿ ಊರಿನ ಅಜ್ಜ ಅಜ್ಜಿಯರ ಬಳಿ. ಒಂದು ಪದದ ಅರ್ಥವನ್ನು ಕೇಳಿ ಪ್ರಾಧ್ಯಾಪಕರು ನಾಲ್ಕು ಸಾಲು ಬರೆದರೆ, ಮೊಮ್ಮಗಳು ಅದನ್ನು ಅಜ್ಜಿಗೆ ಓದಿ ಹೇಳಿ, ಅಜ್ಜಿಯ ಉತ್ತರವನ್ನು ಧ್ವನಿಮುದ್ರಿಸಿ ಕಳುಹಿಸಬಹುದು. ರಾಷ್ಟ್ರಕವಿ ಗೋವಿಂದ ಪೈಗಳ ಕಾಲದಲ್ಲಿ ಮಂಜೇಶ್ವರದಿಂದ ದೂರದ ವಿದ್ವಾಂಸರನ್ನು ತಲುಪಲು ಅಂಚೆಯೊಂದೇ ಆಸರೆಯಾಗಿತ್ತು. ಈಗ ಅನುಕೂಲವಿದೆ; ಆದರೆ ಮಾಹಿತಿ ಕೊಟ್ಟ ಅಜ್ಜಿಯ ಹೆಸರನ್ನು ಪ್ರಬಂಧದಲ್ಲಿ ನಮೂದಿಸುವ ಸೌಜನ್ಯ ಮರೆಯಬಾರದು. ಎಷ್ಟೋ ಕಡೆ ಮರೆಯಲಾಗುತ್ತಿದೆ.

ಇನ್ನೊಂದು ಎಚ್ಚರವೂ ಬೇಕು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೆದುರು ಅಂಕಪಟ್ಟಿ ಹಾಕುವುದು, ಉತ್ತರಪತ್ರಿಕೆಯ ತಪ್ಪುಗಳನ್ನು ವಿನೋದಕ್ಕಾಗಿ ಫೇಸ್‌ಬುಕ್‌ಗೇರಿಸುವುದು ಶೈಕ್ಷಣಿಕ ಬಳಕೆಯಲ್ಲ. ಕನ್ನಡ ಶಾಲೆಯಿಂದ ಬಂದು ಇಂಗ್ಲಿಷಿನಲ್ಲಿ ತಡವರಿಸಿ ಬರೆದ ವಿದ್ಯಾರ್ಥಿಯ ವಾಕ್ಯವನ್ನು ನೂರಾರು ಮಂದಿ ನಗುತ್ತ ಹಂಚಿಕೊಂಡರೆ, ಅವಳು ಮತ್ತೆಂದೂ ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಲಾರಳು.

ಪ್ರಶ್ನೆ ಕೇಳುವುದಕ್ಕೆ ಈಗ ಹಿಂದಿಲ್ಲದ ಒಂದು ದಾರಿಯಿದೆ. ಪಾಠಪುಸ್ತಕದ ಒಂದು ಸಾಲು ಬಗೆಹರಿಯದಿದ್ದಾಗ, ವಾಟ್ಸಾಪಿನಲ್ಲಿ ಬಂದ 'ಹೊಸ ಆವಿಷ್ಕಾರ' ನಂಬಲರ್ಹವೆನಿಸದಿದ್ದಾಗ, ಆ ವಿಷಯವನ್ನು ಕಲಿಸುವ ಪ್ರಾಧ್ಯಾಪಕರ ಪುಟದಲ್ಲಿ ಮಗು ಹೆತ್ತವರ ಜತೆ ಕುಳಿತು ಶುದ್ಧ ಕನ್ನಡದಲ್ಲಿ ಎರಡು ಸಾಲು ಬರೆಯಬಹುದು: 'ಸರ್, ಇದು ನಿಜವೇ? ಹೇಗೆ ಗೊತ್ತಾಯಿತು?' ಎಲ್ಲರೂ ಉತ್ತರಿಸಲಾರರು. ಉತ್ತರಿಸುವ ಒಬ್ಬರು ದೊರೆತರೆ ಅವರ ಪುಟವನ್ನು ಶಾಲೆಯ ವಿಜ್ಞಾನ ಸಂಘದ ಫಲಕದಲ್ಲಿ ಬರೆದಿಡುವುದು ಒಳಿತು.