ಬೀಗವೂ ಅಕ್ಷರ, ಬೀಗದ ಕೈಯೂ ಅಕ್ಷರ

ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಬಾಲ್ಟಿಮೋರ್ ನಗರದಲ್ಲಿ ಒಂದು ಮನೆ. 1826ರಲ್ಲಿ ಆ ಮನೆಗೆ ಎಂಟು ವರ್ಷದ ಗುಲಾಮ ಬಾಲಕನೊಬ್ಬನು ಬಂದನು. ಮನೆಯ ಪುಟ್ಟ ಮಗುವನ್ನು ನೋಡಿಕೊಳ್ಳುವುದು ಅವನಿಗೆ ವಹಿಸಿದ ಕೆಲಸ. ಮನೆಯೊಡತಿ ಸೋಫಿಯಾ ಆಲ್ಡ್ ಅದುವರೆಗೆ ಗುಲಾಮರನ್ನು ಆಳಿ ಅರಿಯದವಳು. ಬಾಲಕನು ಆಸೆಪಟ್ಟನೆಂದು ಅವನಿಗೆ ಅಕ್ಷರಮಾಲೆಯನ್ನು ಕಲಿಸಿದಳು. ಮೂರು ನಾಲ್ಕು ಅಕ್ಷರಗಳ ಪದಗಳನ್ನು ಕೂಡಿಸಿ ಓದುವುದನ್ನು ಹೇಳಿಕೊಟ್ಟಳು. ಅವನ ಜಾಣತನವನ್ನು ಕಂಡು ಹಿಗ್ಗಿ ಗಂಡನಿಗೂ ತಿಳಿಸಿದಳು. ಗಂಡ ಹ್ಯೂ ಆಲ್ಡ್ ಹಿಗ್ಗಲಿಲ್ಲ. ಪಾಠವು ಅಂದಿಗೇ ನಿಲ್ಲಬೇಕೆಂದು ಆಜ್ಞೆ ಮಾಡಿದನು. ಓದು ಬಂದವನು ಗುಲಾಮನಾಗಿ ಉಳಿಯುವುದಿಲ್ಲವೆಂಬುದು ಅವನು ಕೊಟ್ಟ ಕಾರಣ.

ಬಾಲಕನು ಆ ಮಾತನ್ನು ಕೇಳಿಸಿಕೊಂಡನು. ಹೆಂಡತಿಗೆ ಹೇಳಿದ ಬುದ್ಧಿವಾದವು ಗುಲಾಮನಿಗೆ ಉಪದೇಶವಾಯಿತು. ಒಡೆಯನು ಯಾವುದಕ್ಕೆ ಇಷ್ಟೊಂದು ಹೆದರುವನೋ ಅದರಲ್ಲಿಯೇ ತನ್ನ ಬಿಡುಗಡೆಯ ದಾರಿಯಿದೆ ಎಂಬುದು ಅವನಿಗೆ ಆ ದಿನವೇ ಹೊಳೆಯಿತು. ಮುಂದೆ ಫ್ರೆಡರಿಕ್ ಡಗ್ಲಾಸ್ ಎಂಬ ಹೆಸರಿನಿಂದ ಲೋಕಖ್ಯಾತನಾದವನು ಈ ಬಾಲಕನೇ.

ಹ್ಯೂ ಆಲ್ಡನ ಭಯ ಅವನೊಬ್ಬನದೇ ಅಲ್ಲ. ಗುಲಾಮರಿಗೆ ಬರವಣಿಗೆ ಕಲಿಸುವುದನ್ನು ದಕ್ಷಿಣ ಕೆರೊಲಿನಾ 1740ರಷ್ಟು ಹಿಂದೆಯೇ ನಿಷೇಧಿಸಿತ್ತು. ಕಲಿಸಿದವರಿಗೆ 100 ಪೌಂಡು ದಂಡ. 1834ರಲ್ಲಿ ಅಲ್ಲಿ ಓದು ಕಲಿಸುವುದೂ ಅಪರಾಧವಾಯಿತು. ಉತ್ತರ ಕೆರೊಲಿನಾದಲ್ಲಿ 1830ರಲ್ಲಿ ಆದ ಕಾನೂನು ಇನ್ನೂ ವಿಚಿತ್ರವಾದುದು. ಗುಲಾಮನಿಗೆ ಲೆಕ್ಕ ಕಲಿಸಬಹುದು. ಓದುಬರಹ ಮಾತ್ರ ಕೂಡದು. ಕಲಿಸಿದವನು ಬಿಳಿಯನಾದರೆ 100ರಿಂದ 200 ಡಾಲರ್ ದಂಡ ಅಥವಾ ಸೆರೆವಾಸ. ಗುಲಾಮನಾದರೆ ಬರಿಬೆನ್ನಿನ ಮೇಲೆ 39 ಚಾಟಿಯೇಟು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮನು ದಂಗೆಯೆದ್ದನು. ಅವನು ಓದು ಬಲ್ಲವನಾಗಿದ್ದನು. ಆ ಬಳಿಕ ದಕ್ಷಿಣದಲ್ಲಿ ಕಟ್ಟಳೆಗಳು ಮತ್ತಷ್ಟು ಬಿಗಿಯಾದುವು.

ಈ ಭಯಕ್ಕೆ ವ್ಯಾವಹಾರಿಕವಾದ ಕಾರಣವೂ ಒಂದಿತ್ತು. ಒಡೆಯನ ಜಮೀನನ್ನು ಬಿಟ್ಟು ಹೊರಗೆ ಹೋಗುವ ಗುಲಾಮನ ಬಳಿಯಲ್ಲಿ ಒಡೆಯನು ಬರೆದುಕೊಟ್ಟ ರಹದಾರಿ ಚೀಟಿ ಇರಬೇಕಾಗಿತ್ತು. ಬರೆಯಬಲ್ಲ ಗುಲಾಮನು ಆ ಚೀಟಿಯನ್ನು ತಾನೇ ಬರೆದುಕೊಳ್ಳಬಲ್ಲನು. ಕಾಲಿನ ಬೇಡಿಯನ್ನು ಕಳಚಲು ಕಬ್ಬಿಣದ ಅರವೇ ಬೇಕೆಂದಿಲ್ಲ; ಒಂದು ಗರಿಲೇಖನಿ ಸಾಕು.

ಡಗ್ಲಾಸನ ವಿದ್ಯಾಭ್ಯಾಸವು ಕದ್ದು ಕಲಿತ ವಿದ್ಯಾಭ್ಯಾಸ. ಪೇಟೆಗೆ ಹೋಗುವಾಗ ಮನೆಯಿಂದ ರೊಟ್ಟಿಯ ತುಂಡುಗಳನ್ನು ಒಯ್ಯುವನು. ಬೀದಿಯಲ್ಲಿ ಹಸಿದ ಬಡ ಬಿಳಿಯ ಹುಡುಗರಿದ್ದರು. ಅವರಿಗೆ ರೊಟ್ಟಿ, ಇವನಿಗೆ ಪಾಠ. ಹನ್ನೆರಡರ ವಯಸ್ಸಿನ ಸುಮಾರಿಗೆ 50 ಸೆಂಟು ಕೊಟ್ಟು ‘ಕೊಲಂಬಿಯನ್ ಆರೇಟರ್’ ಎಂಬ ಪುಸ್ತಕವನ್ನು ಕೊಂಡನು. ಗುಲಾಮನೊಬ್ಬನು ಒಡೆಯನೊಡನೆ ವಾದಿಸಿ, ವಾದದಲ್ಲಿ ಗೆದ್ದು, ಬಿಡುಗಡೆ ಪಡೆಯುವ ಸಂಭಾಷಣೆ ಆ ಪುಸ್ತಕದಲ್ಲಿದ್ದಿತು. ಬರವಣಿಗೆಯ ಶಾಲೆ ಹಡಗುಕಟ್ಟೆ. ಯಾವ ತೊಲೆಯು ಹಡಗಿನ ಯಾವ ಭಾಗಕ್ಕೆ ಎಂಬುದನ್ನು ಗುರುತಿಸಲು ಬಡಗಿಗಳು ಒಂದೊಂದು ತೊಲೆಯ ಮೇಲೂ ಅಕ್ಷರಗಳನ್ನು ಬರೆಯುತ್ತಿದ್ದರು. ಅದನ್ನು ನೋಡಿ ನೋಡಿ ನಾಲ್ಕು ಅಕ್ಷರಗಳನ್ನು ಬರೆಯಲು ಕಲಿತನು. ಉಳಿದವುಗಳನ್ನು, ‘ನಿನಗಿಂತ ನಾನೇ ಚೆನ್ನಾಗಿ ಬರೆಯಬಲ್ಲೆ’ ಎಂದು ಬೀದಿಯ ಹುಡುಗರೊಡನೆ ಪಂಥ ಕಟ್ಟಿ ಅವರಿಂದಲೇ ಬರೆಸಿ ತಿಳಿದುಕೊಂಡನು. ಒಡೆಯನ ಮಗ ಬರೆದು ಬಿಟ್ಟಿದ್ದ ಹಳೆಯ ಕಾಪಿ ಪುಸ್ತಕಗಳಲ್ಲಿ ಸಾಲುಗಳ ನಡುವಣ ಜಾಗವೇ ಅವನಿಗೆ ಹಲಗೆಯಾಯಿತು.

ಕಲಿತ ವಿದ್ಯೆಯು ಬೇಗನೆ ಪರೀಕ್ಷೆಗೆ ಒಳಗಾಯಿತು. 1836ರಲ್ಲಿ ಡಗ್ಲಾಸನೂ ಅವನ ಸಂಗಡಿಗರೂ ಓಡಿಹೋಗಲು ಹೊಂಚಿದರು. ರಹದಾರಿಗಳನ್ನು ಬರೆದವನು ಡಗ್ಲಾಸನೇ. ಗುಟ್ಟು ರಟ್ಟಾಗಿ ಎಲ್ಲರನ್ನೂ ಹಿಡಿದು ಕಟ್ಟಿ ಒಯ್ಯುವಾಗ, ಒಂದು ಚೀಟಿ ಬೆಂಕಿಯ ಪಾಲಾಯಿತು. ಉಳಿದವರು ತಮ್ಮ ತಮ್ಮ ಚೀಟಿಗಳನ್ನು ಬಿಸ್ಕತ್ತಿನೊಡನೆ ಅಗಿದು ನುಂಗಿದರು. ಸಾಕ್ಷ್ಯವೇ ಉಳಿಯಲಿಲ್ಲ. ಎರಡು ವರ್ಷಗಳ ಅನಂತರ, 1838ರ ಸೆಪ್ಟೆಂಬರ್ 3ರಂದು, ನಾವಿಕನ ವೇಷದಲ್ಲಿ, ಮತ್ತೊಬ್ಬನ ಕಾಗದಪತ್ರಗಳನ್ನು ಇಟ್ಟುಕೊಂಡು ಅವನು ಬಾಲ್ಟಿಮೋರನ್ನು ಬಿಟ್ಟನು. 1845ರಲ್ಲಿ ಅವರ ಆತ್ಮಕಥೆ ಅಚ್ಚಾಯಿತು. 1847ರಲ್ಲಿ ‘ನಾರ್ತ್ ಸ್ಟಾರ್’ ಪತ್ರಿಕೆ ಹೊರಟಿತು. ಅಕ್ಷರ ಕೂಡದೆಂದು ತಡೆಯಲ್ಪಟ್ಟ ಬಾಲಕನು ಸಂಪಾದಕ ಫ್ರೆಡರಿಕ್ ಡಗ್ಲಾಸ್ ಅವರಾದರು.

1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ಕೊನೆಗೊಂಡಿತು. ಬಿಡುಗಡೆ ಹೊಂದಿದವರು ಶಾಲೆಗಳಿಗೆ ಮುತ್ತಿದರು; ಮೊಮ್ಮಕ್ಕಳ ಪಕ್ಕದಲ್ಲಿ ಅಜ್ಜಂದಿರೂ ಕುಳಿತರು. 1870ರಲ್ಲಿ ವಯಸ್ಸಿಗೆ ಬಂದ ಕರಿಯರಲ್ಲಿ ನೂರಕ್ಕೆ ಸುಮಾರು 80 ಮಂದಿ ನಿರಕ್ಷರರು. 1910ರ ವೇಳೆಗೆ ಅದು ಸುಮಾರು 30ಕ್ಕೆ ಇಳಿಯಿತು. 1870ರಲ್ಲಿಯೇ ಸಂವಿಧಾನದ ಹದಿನೈದನೆಯ ತಿದ್ದುಪಡಿಯು, ಬಣ್ಣದ ಕಾರಣದಿಂದ ಯಾರ ಮತವನ್ನೂ ತಡೆಯಬಾರದೆಂದು ವಿಧಿಸಿತು.

ಬಣ್ಣದ ಹೆಸರನ್ನು ಎತ್ತದೆ ತಡೆಯುವ ಉಪಾಯವನ್ನು ದಕ್ಷಿಣದ ಆಳುವವರು ಹುಡುಕಿದರು. ಅದೇ ಅಕ್ಷರ. ಮತದಾರನಾಗಬಯಸುವವನು ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕು, ಇಲ್ಲವೆ ಓದಿದುದನ್ನು ಕೇಳಿ ಅರ್ಥ ಹೇಳಬೇಕೆಂದು ಮಿಸಿಸಿಪಿ 1890ರಲ್ಲಿ ನಿಯಮ ಮಾಡಿತು. ಭಾಗವನ್ನು ಆರಿಸುವವನು ಬಿಳಿಯ ಅಧಿಕಾರಿ. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನೂ ಅವನೇ. ಉಳಿದ ಸಂಸ್ಥಾನಗಳೂ ಒಂದೊಂದಾಗಿ ಇಂಥ ದಾರಿಗಳನ್ನು ಹಿಡಿದುವು. ಲೂಸಿಯಾನಾದಲ್ಲಿ 1896ರಲ್ಲಿ 1,30,334 ಕರಿಯ ಮತದಾರರಿದ್ದರು. 1898ರಲ್ಲಿ ಹೊಸ ಸಂವಿಧಾನ ಬಂದಿತು. 1904ರಲ್ಲಿ ಉಳಿದವರು 1,342 ಮಂದಿ. ಅಕ್ಷರ ಕಲಿತರೆ ಚಾಟಿಯೇಟು ಎಂದಿದ್ದವರ ಮೊಮ್ಮಕ್ಕಳು, ಅಕ್ಷರ ಬಾರದವನಿಗೆ ಮತವಿಲ್ಲವೆಂದರು. ಬೀಗವನ್ನು ತಿರುಗಿಸಿ ಹಾಕಲಾಯಿತು. ಬಾಗಿಲು ಮಾತ್ರ ಅದೇ.

ಆ ಬಾಗಿಲಿಗೆ ಬೀಗದ ಕೈಯನ್ನು ಮಾಡಿದವರು ದೊಡ್ಡ ವಿದ್ವಾಂಸರಲ್ಲ. ದಕ್ಷಿಣ ಕೆರೊಲಿನಾದ ಕಡಲತಡಿಯಲ್ಲಿ ಜಾನ್ಸ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿ ಈಸಾ ಜೆಂಕಿನ್ಸ್ ಎಂಬವರು ಕೂಲಿಕಾರರನ್ನು ಬಸ್ಸಿನಲ್ಲಿ ಚಾರ್ಲ್ಸ್‌ಟನ್ ಪಟ್ಟಣಕ್ಕೆ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಅವರಿಗೆ ಸಂವಿಧಾನದ ವಾಕ್ಯಗಳನ್ನು ಹೇಳಿಕೊಡುತ್ತಿದ್ದರು. ಸೆಪ್ಟಿಮಾ ಕ್ಲಾರ್ಕ್ ಎಂಬ ಉಪಾಧ್ಯಾಯಿನಿ 1916ರಲ್ಲಿ ಆ ದ್ವೀಪದಲ್ಲಿಯೇ ಪಾಠ ಹೇಳಲು ಪ್ರಾರಂಭಿಸಿದವರು. ಕರಿಯರ ಹಕ್ಕಿಗಾಗಿ ಹೋರಾಡುವ ಸಂಘದ ಸದಸ್ಯತ್ವವನ್ನು ಬಿಡಲು ಒಪ್ಪದೆ 1956ರಲ್ಲಿ ಕೆಲಸವನ್ನೇ ಕಳೆದುಕೊಂಡರು. ಇವರಿಬ್ಬರೂ ಟೆನೆಸಿಯ ಹೈಲ್ಯಾಂಡರ್ ಶಾಲೆಯ ನೆರವಿನಿಂದ ದ್ವೀಪದಲ್ಲಿ ವಯಸ್ಕರ ಶಾಲೆಯೊಂದನ್ನು ತೆರೆದರು. ಮುಂಭಾಗದಲ್ಲಿ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ಪಾಠ. ಬಿಳಿಯರ ಕಣ್ಣಿಗೆ ಬೀಳಬಾರದಲ್ಲ!

1957ರ ಜನವರಿ 7ರಂದು ಅಲ್ಲಿ ಮೊದಲ ಪಾಠ ನಡೆಯಿತು. ಪಾಠ ಹೇಳಿದವರು ಬರ್ನಿಸ್ ರಾಬಿನ್ಸನ್. ವೃತ್ತಿಯಿಂದ ಹೆಂಗಸರ ಕೇಶಾಲಂಕಾರ ಮಾಡುವವರು, ಬಟ್ಟೆ ಹೊಲಿಯುವವರು. ಉಪಾಧ್ಯಾಯಿನಿಯಾಗಿ ಬಂದಿಲ್ಲ, ಎಲ್ಲರೂ ಕೂಡಿ ಕಲಿಯೋಣವೆಂದು ಅವರು ಮೊದಲಿಗೇ ಹೇಳಿ, ಏನು ಕಲಿಯಬೇಕೆಂದು ಬಂದವರನ್ನೇ ಕೇಳಿದರು. ಹೆಬ್ಬೆಟ್ಟೊತ್ತುವುದನ್ನು ಬಿಟ್ಟು ಹೆಸರು ಬರೆಯಬೇಕು, ಅಂಗಡಿಯ ಬೇಡಿಕೆ ಚೀಟಿಯನ್ನು ತುಂಬಬೇಕು, ಬೈಬಲ್ ಓದಬೇಕು, ಮತದಾರರ ಪಟ್ಟಿಗೆ ಸೇರಬೇಕು. ಅದೇ ಪಠ್ಯವಾಯಿತು. ಆ ಮಾದರಿ ದಕ್ಷಿಣದಲ್ಲೆಲ್ಲ ಹಬ್ಬಿತು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆಯು ಅದರ ಹೊಣೆಯನ್ನು ವಹಿಸಿಕೊಂಡಿತು.

1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾನೂನು ಜಾರಿಗೆ ಬಂದು, ದಕ್ಷಿಣದ ಹೆಚ್ಚಿನ ಭಾಗದಲ್ಲಿ ಅಕ್ಷರ ಪರೀಕ್ಷೆಯನ್ನು ತಡೆಯಿತು, 1970ರಲ್ಲಿ ತಡೆಯು ಇಡೀ ದೇಶಕ್ಕೆ ವಿಸ್ತರಿಸಿತು, 1975ರಲ್ಲಿ ಶಾಶ್ವತವಾಯಿತು. ಬಾಲ್ಟಿಮೋರಿನ ಒಡತಿಯು ಗಂಡನ ಮಾತಿಗೆ ಪಾಠವನ್ನು ನಿಲ್ಲಿಸಿದ ಮೇಲೆ, ಜಾನ್ಸ್ ಐಲೆಂಡಿನ ಅಂಗಡಿಯ ಹಿಂದಣ ಕೋಣೆಯಲ್ಲಿ ಆ ಪಾಠವು ಮುಂದುವರಿಯಲು ನೂರಮೂವತ್ತು ವರ್ಷ ಹಿಡಿಯಿತು. ಅಲ್ಲಿಗೆ ಬಂದ ವೃದ್ಧರು ಮೊದಲು ಬರೆಯಲು ಬಯಸಿದುದು ದೊಡ್ಡ ಮಾತನ್ನೇನೂ ಅಲ್ಲ; ತಮ್ಮ ತಮ್ಮ ಹೆಸರನ್ನು.