ಶಿಲಾಸಾಕ್ಷ್ಯವೂ ಸಂಖ್ಯಾಭಿಮಾನವೂ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಹೆಬ್ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳೆಂದು ಭೂಗರ್ಭಶಾಸ್ತ್ರಜ್ಞರು ಹೇಳುವರು. ಈ ಮಾತನ್ನು ಕೇಳಿದ ವಿದ್ಯಾವಂತರಲ್ಲಿಯೇ ಎರಡು ಪಂಗಡಗಳು ಕಂಡುಬರುತ್ತವೆ. ಒಂದನೆಯ ಪಂಗಡದವರು ನಕ್ಕು, “ಆಗ ಇದ್ದು ಕಂಡವರಾರು? ನಿನ್ನೆ ಒಂದು ಸಂಖ್ಯೆ, ಇಂದು ಇನ್ನೊಂದು, ಎಲ್ಲವೂ ಊಹೆ” ಎನ್ನುವರು. ಎರಡನೆಯ ಪಂಗಡದವರು ಎದೆಯುಬ್ಬಿಸಿ, “ಇದರಲ್ಲಿ ಹೊಸತೇನು? ಬ್ರಹ್ಮನ ಹಗಲು ೪೩೨ ಕೋಟಿ ವರ್ಷವೆಂದು ಪುರಾಣಗಳು ಎಂದೋ ಹೇಳಿವೆ” ಎನ್ನುವರು. ಒಬ್ಬರು ವಿಜ್ಞಾನವನ್ನು ತಳ್ಳುವರು, ಇನ್ನೊಬ್ಬರು ತಬ್ಬಿಕೊಳ್ಳುವರು. ಆದರೆ ಆ ಸಂಖ್ಯೆ ಯಾವ ದಾರಿಯಿಂದ ಬಂದಿತೆಂಬುದನ್ನು ವಿಚಾರಿಸದಿರುವುದರಲ್ಲಿ ಇಬ್ಬರೂ ಒಂದೇ. ಖಂಡನೀಯವಾದುದು ಈ ಅಲಕ್ಷ್ಯವೇ.

ಮೊದಲು “ಕಂಡವರಾರು” ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ೧೯೩೬ರಲ್ಲಿ ಬೆಳಕಿಗೆ ಬಂದ ಹಲ್ಮಿಡಿಯ ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ಆದರೂ ಲಿಪಿಯ ರೂಪ, ಭಾಷೆಯ ಸ್ಥಿತಿ, ಅಲ್ಲಿ ಬರುವ ಹೆಸರುಗಳು ಇವುಗಳನ್ನು ಕೂಡಿಸಿ ನೋಡಿ, ಅದು ಕ್ರಿ.ಶ. ೪೫೦ರ ಸುಮಾರಿನದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವರು. ಶಾಸನವನ್ನು ಕೆತ್ತಿದವನನ್ನು ಕಂಡವರು ಇಂದು ಯಾರೂ ಇಲ್ಲವೆಂದು ಯಾವ ಕನ್ನಡಿಗನೂ ಅದನ್ನು ತಳ್ಳಿಹಾಕುವುದಿಲ್ಲ. ಕಲ್ಲಿನ ಮೇಲಣ ಅಕ್ಷರಕ್ಕೆ ಸಲ್ಲುವ ನ್ಯಾಯವು ಕಲ್ಲಿಗೇ ಏಕೆ ಸಲ್ಲಬಾರದು?

ಹಾಗಾದರೆ ಕಲ್ಲು ತನ್ನ ಕಾಲವನ್ನು ಹೇಗೆ ತಿಳಿಸುತ್ತದೆ? ಹಿಂದೆ ಮುಹೂರ್ತವನ್ನು ಅರಿಯಲು ಗಳಿಗೆ ಬಟ್ಟಲನ್ನು ಇಡುವ ಪದ್ಧತಿಯಿದ್ದಿತು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವುದರೊಳಗೆ ಒಂದು ಗಳಿಗೆ, ಎಂದರೆ ೨೪ ನಿಮಿಷ, ಕಳೆಯುತ್ತಿದ್ದಿತು. ನಡುವೆ ಬಂದವನೂ ಬಟ್ಟಲೊಳಗಣ ನೀರನ್ನು ನೋಡಿ ಕಳೆದ ಕಾಲವನ್ನು ಹೇಳಬಲ್ಲನು. ಆದರೆ ಮೂರು ಸಂಗತಿಗಳು ಅವನಿಗೆ ನಿಶ್ಚಿತವಾಗಿರಬೇಕು: ನೀರು ಒಳನುಗ್ಗುವ ವೇಗ, ಮೊದಲಿಗೆ ಬಟ್ಟಲು ಬರಿದಾಗಿದ್ದುದು, ನಡುವೆ ಯಾರೂ ನೀರನ್ನು ಸುರಿಯದೆ, ಚೆಲ್ಲದೆ ಇದ್ದುದು.

ಶಿಲೆಯಲ್ಲಿಯೂ ಪರೀಕ್ಷಿಸತಕ್ಕದ್ದು ಈ ಮೂರನ್ನೇ. ಕರಗಿದ ಶಿಲೆಯು ಹೆಪ್ಪುಗಟ್ಟುವಾಗ ಹುಟ್ಟುವ ಜಿರ್ಕಾನ್ ಎಂಬ ಹರಳು ಯುರೇನಿಯಂಗೆ ತನ್ನೊಳಗೆ ಎಡೆಗೊಟ್ಟು, ಸೀಸವನ್ನು ಹೊರಗಿಡುತ್ತದೆ. ಬಟ್ಟಲು ಬರಿದಾಗಿಯೇ ತೊಡಗುತ್ತದೆ. ಅನಂತರ ಯುರೇನಿಯಂ ಕ್ರಮವಾಗಿ ಸೀಸವಾಗಿ ಮಾರ್ಪಡುತ್ತ ಹೋಗುತ್ತದೆ. ಯುರೇನಿಯಂನಲ್ಲಿ ಎರಡು ಮುಖ್ಯ ಬಗೆಗಳುಂಟು: ಒಂದರ ಅರ್ಧಭಾಗವು ಸೀಸವಾಗಲು ಸುಮಾರು ೪೪೭ ಕೋಟಿ ವರ್ಷಗಳು ಬೇಕು, ಇನ್ನೊಂದಕ್ಕೆ ಸುಮಾರು ೭೦ ಕೋಟಿ ಸಾಕು. ಈ ವೇಗಗಳನ್ನು ಪ್ರಯೋಗಶಾಲೆಗಳಲ್ಲಿ ಅಳೆದಿರುವರು. ಭೂಗರ್ಭದ ಕಾವಾಗಲಿ ಒತ್ತಡವಾಗಲಿ ಅವನ್ನು ಬದಲಿಸಲಾರದು. ಒಂದೇ ಹರಳಿನೊಳಗೆ ಭಿನ್ನವೇಗದ ಎರಡು ಬಟ್ಟಲುಗಳು ಇರುವುದರಿಂದ, ನಡುವೆ ಸೀಸವು ಸೋರಿಹೋಗಿದ್ದರೆ ಎರಡರ ಲೆಕ್ಕವೂ ಹೊಂದುವುದಿಲ್ಲ. ಕೆಟ್ಟ ಸಾಕ್ಷಿಯು ಪಾಟೀಸವಾಲಿನಲ್ಲಿ ಸಿಕ್ಕಿಬೀಳುವಂತೆ ಕೆಟ್ಟ ಹರಳೂ ತಾನಾಗಿಯೇ ಸಿಕ್ಕಿಬೀಳುವುದು. ಇದನ್ನು ಊಹೆಯೆನ್ನುವವರು ನ್ಯಾಯಾಸ್ಥಾನದ ತೀರ್ಪನ್ನೂ ಊಹೆಯೆನ್ನಬೇಕಾದೀತು.

ಇದಲ್ಲದೆ ಬೇರೆ ದಿಕ್ಕಿನ ಸಾಕ್ಷ್ಯವೂ ಉಂಟು. ಶಿಲಾರೂಪವನ್ನು ತಾಳಿದ ಡಿವೋನಿಯನ್ ಯುಗದ ಹವಳಗಳಲ್ಲಿ ದಿನದಿನದ ಬೆಳವಣಿಗೆಯ ಸೂಕ್ಷ್ಮ ರೇಖೆಗಳಿರುತ್ತವೆ. ೧೯೬೩ರಲ್ಲಿ ಅಮೆರಿಕದ ಜಾನ್ ವೆಲ್ಸ್ ಎಂಬವರು ಅವನ್ನೆಣಿಸಿ, ಆ ಕಾಲದಲ್ಲಿ ವರ್ಷಕ್ಕೆ ಸುಮಾರು ೪೦೦ ದಿನಗಳಿದ್ದುವೆಂದು ತೋರಿಸಿದರು. ಸಮುದ್ರದ ಉಬ್ಬರವಿಳಿತಗಳ ಘರ್ಷಣೆಯಿಂದ ಭೂಮಿಯ ಭ್ರಮಣವು ಮೆಲ್ಲಮೆಲ್ಲನೆ ಕುಗ್ಗುತ್ತಿರುವುದನ್ನು ಖಗೋಳಜ್ಞರು ಅಳೆದಿದ್ದರು. ಆ ಲೆಕ್ಕವನ್ನು ಹಿಂದಕ್ಕೆ ನಡೆಸಿದರೆ ೪೦೦ ದಿನಗಳ ವರ್ಷವು ೪೦ ಕೋಟಿ ವರ್ಷಗಳ ಆಸುಪಾಸಿಗೆ ಬರುತ್ತದೆ. ಶಿಲೆಯೊಳಗಣ ಪರಮಾಣುಗಳು ಡಿವೋನಿಯನ್ ಯುಗಕ್ಕೆ ಹೇಳುವ ಕಾಲವೂ ಅದೇ. ಚಂದ್ರನಿಗೂ ಯುರೇನಿಯಂಗೂ ಒಳಸಂಚು ಇರಲು ಸಾಧ್ಯವೆ?

ಇನ್ನು “ಸಂಖ್ಯೆ ಬದಲಾಗುತ್ತಲೇ ಇದೆ” ಎಂಬ ಆಕ್ಷೇಪ. ಬದಲಾದುದು ನಿಜ, ಏಕೆ ಬದಲಾಯಿತೆಂಬುದನ್ನು ಆಕ್ಷೇಪಿಸುವವರು ಹೇಳುವುದಿಲ್ಲ. ತಮ್ಮ ಕಾಲದ ಭೌತವಿಜ್ಞಾನಿಗಳಲ್ಲಿ ಅಗ್ರಗಣ್ಯರಾಗಿದ್ದ ಲಾರ್ಡ್ ಕೆಲ್ವಿನ್ನರು, ಕರಗಿದ ಗೋಳವು ಆರಲು ಬೇಕಾಗುವ ಕಾಲವನ್ನು ಗಣಿಸಿ, ೧೮೯೭ರ ವೇಳೆಗೆ ಭೂಮಿಯ ವಯಸ್ಸನ್ನು ೨ ಕೋಟಿಯಿಂದ ೪ ಕೋಟಿ ವರ್ಷಗಳೊಳಗೆ ನಿಲ್ಲಿಸಿದರು. ಅವರ ಗಣಿತದಲ್ಲಿ ದೋಷವಿರಲಿಲ್ಲ. ಗಣಿತಕ್ಕೆ ಆಧಾರವಾದ ಕಲ್ಪನೆಯಲ್ಲಿದ್ದಿತು. ಒಳಗಣ ಶಾಖವು ಅವರು ಎಣಿಸಿದುದಕ್ಕಿಂತ ಸುಲಭವಾಗಿ ಮೇಲಕ್ಕೆ ಬರುವುದಾದರೆ ವಯಸ್ಸು ಬಹಳ ಹೆಚ್ಚುವುದೆಂದು, ಅವರ ಸಹಾಯಕರಾಗಿದ್ದ ಜಾನ್ ಪೆರಿಯವರೇ ೧೮೯೫ರಲ್ಲಿ ಎತ್ತಿ ತೋರಿಸಿದ್ದರು. ೧೯೦೭ರಲ್ಲಿ ಬೋಲ್ಟ್‌ವುಡ್ಡರು ಖನಿಜಗಳ ಸೀಸವನ್ನಳೆದು ೪೧ ಕೋಟಿಯಿಂದ ೨೨೦ ಕೋಟಿ ವರ್ಷಗಳ ವಯಸ್ಸುಗಳನ್ನು ಪ್ರಕಟಿಸಿದರು. ೧೯೫೬ರಲ್ಲಿ ಕ್ಲೇರ್ ಪ್ಯಾಟರ್‌ಸನ್ನರು ಭೂಮಿಯೊಡನೆ ಹುಟ್ಟಿದ ಉಲ್ಕಾಶಿಲೆಗಳ ಸೀಸವನ್ನು ಪರೀಕ್ಷಿಸಿ ೪೫೫ ಕೋಟಿ ವರ್ಷವೆಂದು ನಿರ್ಣಯಿಸಿ, ೭ ಕೋಟಿ ಹೆಚ್ಚುಕಡಮೆ ಇರಬಹುದೆಂದು ತಾವೇ ಸೇರಿಸಿದರು. ಗಾಳಿಯ ಧೂಳಿನಲ್ಲಿದ್ದ ಸೀಸವು ಅಳತೆಯನ್ನು ಕೆಡಿಸುತ್ತಿದ್ದುದರಿಂದ ಅವರು ವರ್ಷಗಟ್ಟಲೆ ಪ್ರಯೋಗಶಾಲೆಯನ್ನು ಶುಚಿಗೊಳಿಸಬೇಕಾಯಿತು. ಅಲ್ಲಿಂದೀಚೆಗೆ ಉಪಕರಣಗಳು ಎಷ್ಟೋ ಸೂಕ್ಷ್ಮವಾದರೂ ಸಂಖ್ಯೆಯು ಆ ಎಲ್ಲೆಯನ್ನು ದಾಟಲಿಲ್ಲ. ಇಂದಿಗೂ ೪೫೪ ಕೋಟಿಯ ಬಳಿಯಲ್ಲಿಯೇ ನಿಂತಿದೆ. ಇದು ಅಲೆದಾಟವಲ್ಲ, ಗುರಿ ಸೇರಿದ ಪ್ರಯಾಣ.

ಕನ್ನಡ ನಾಡಿನಲ್ಲಿಯೂ ಇಂತಹದೇ ವಿವಾದವು ನಡೆಯಿತು. ಹಳೆಯ ನೈಸ್ ಶಿಲೆಯ ಮೇಲೆ ಧಾರವಾಡ ಶಿಲಾವರ್ಗವು ಅನಂತರ ಸಂಚಯವಾಯಿತೆಂದು ಬ್ರೂಸ್ ಫೂಟ್ ಸಾಹೇಬರು ಹೇಳಿದರು. ಅವರ ತರುವಾಯ ಮೈಸೂರಿನ ಭೂಗರ್ಭ ಇಲಾಖೆಯನ್ನು ನಡೆಸಿದ ಸ್ಮೀತ್ ಸಾಹೇಬರು, ಧಾರವಾಡ ಶಿಲೆಗಳೇ ಹಳೆಯವು, ನೈಸ್ ಶಿಲೆಯು ಅವನ್ನು ಭೇದಿಸಿ ಬಂದುದು ಎಂದರು. ಇಬ್ಬರೂ ಘನವಿದ್ವಾಂಸರೇ. ವಿವಾದವನ್ನು ಬಿಡಿಸಿದುದು ಯಾರ ಪದವಿಯೂ ಅಲ್ಲ, ಶಿಲೆಗಳ ಅಳತೆ. ಒಂದೇ ಹೆಸರಿನಡಿಯಲ್ಲಿ ಎರಡು ಕಾಲದ ಪದರಗಳು ಬೆರೆತಿದ್ದುವೆಂದೂ, ಹಳೆಯ ಪದರಗಳನ್ನು ನೈಸ್ ಶಿಲೆಯು ಭೇದಿಸಿತೆಂದೂ, ಹೊಸವು ಅದರ ಮೇಲೆ ಕುಳಿತುವೆಂದೂ ತಿಳಿದುಬಂದಿತು.

ಎರಡನೆಯ ಪಂಗಡದವರ ಅಭಿಮಾನವು ಇನ್ನೂ ಹೆಚ್ಚು ಅಪಾಯಕರ. ಏಕೆಂದರೆ ಅದು ಜ್ಞಾನದ ಉಡುಪನ್ನು ತೊಟ್ಟಿದೆ. ೪೩೨ ಕೋಟಿಯು ಕಲ್ಪದ ಪೂರ್ಣಾವಧಿಯೇ ಹೊರತು ಕಳೆದ ಕಾಲವಲ್ಲ. ಪಂಚಾಂಗದ ಲೆಕ್ಕದಂತೆಯೇ ಶ್ವೇತವರಾಹ ಕಲ್ಪದಲ್ಲಿ ಆರು ಮನ್ವಂತರಗಳು ಕಳೆದು, ಏಳನೆಯದಾದ ವೈವಸ್ವತದ ೨೮ನೆಯ ಮಹಾಯುಗವು ನಡೆಯುತ್ತಿದೆ. ಕೂಡಿಸಿ ನೋಡಿದರೆ ಕಳೆದುದು ಸುಮಾರು ೧೯೭ ಕೋಟಿ ವರ್ಷಗಳು. ಹಾಸನ ಜಿಲ್ಲೆಯ ಗೊರೂರಿನ ನೈಸ್ ಶಿಲೆಗೇ ಸುಮಾರು ೩೩೦ ಕೋಟಿ ವರ್ಷ! ನಿತ್ಯವೂ ಸಂಕಲ್ಪವನ್ನು ಹೇಳುವವರೇ ಅದರ ಲೆಕ್ಕವನ್ನು ಮರೆತು, ಹತ್ತಿರ ಕಂಡ ಸಂಖ್ಯೆಯನ್ನು ಹೆಕ್ಕಿ ಹೆಮ್ಮೆಪಡುವುದು ಪ್ರಾಚೀನರಿಗೆ ಸಲ್ಲಿಸುವ ಗೌರವವಲ್ಲ. ಐರ್ಲೆಂಡಿನ ಧರ್ಮಾಧಿಕಾರಿ ಅಷರ್ ಸೃಷ್ಟಿಯನ್ನು ಕ್ರಿ.ಪೂ. ೪೦೦೪ಕ್ಕೆ ಕಟ್ಟಿಹಾಕಿದುದನ್ನು ನೆನೆದರೆ, ಕೋಟ್ಯಂತರ ವರ್ಷಗಳನ್ನು ಭಾವಿಸಿದ ಭಾರತೀಯರ ಮನೋವೈಶಾಲ್ಯವು ನಿಸ್ಸಂದೇಹವಾಗಿ ದೊಡ್ಡದು. ಆದರೆ ಭಾವನೆ ಬೇರೆ, ಅಳತೆ ಬೇರೆ.

ಪ್ರಾಚೀನರಿಂದ ಕಲಿಯತಕ್ಕ ಪಾಠವು ಬೇರೊಂದುಂಟು. ಗಣಿಸಿದ ಗ್ರಹಸ್ಥಿತಿಯು ಆಕಾಶದಲ್ಲಿ ಕಂಡುದಕ್ಕೆ ಹೊಂದದಿದ್ದಾಗ ಜ್ಯೋತಿಷಿಗಳು ಬೀಜಸಂಸ್ಕಾರವೆಂಬ ತಿದ್ದುಪಡಿಯನ್ನು ಮಾಡುತ್ತಿದ್ದರು. ಗ್ರಂಥದ ಗೌರವಕ್ಕಾಗಿ ಗ್ರಹಣವನ್ನು ಅಲ್ಲಗಳೆಯಲಿಲ್ಲ. ಸಂಖ್ಯೆ ಬದಲಾಯಿತೆಂದು ನಗುವವರಿಗೂ, ಸಂಖ್ಯೆ ಹೊಂದಿತೆಂದು ಹಿಗ್ಗುವವರಿಗೂ ಆ ಪರಂಪರೆಯಲ್ಲಿ ಸ್ಥಾನವಿಲ್ಲ.

ಬಾಲಕನೊಬ್ಬನು ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು “ಇದರ ವಯಸ್ಸು ಹೇಗೆ ತಿಳಿಯಿತು?” ಎಂದು ಕೇಳಿದಾಗ, “ಎಲ್ಲ ಊಹೆ” ಎಂದರೂ, “ಹಿರಿಯರಿಗೆ ಮೊದಲೇ ತಿಳಿದಿತ್ತು” ಎಂದರೂ, ಅವನ ಪ್ರಶ್ನೆಯನ್ನು ಕೊಂದಂತೆಯೇ ಸರಿ. ಅವನಿಗೆ ಗಳಿಗೆ ಬಟ್ಟಲನ್ನೂ ಜಿರ್ಕಾನ್ ಹರಳನ್ನೂ ತಿಳಿಯಹೇಳುವುದು ಕಲಿತವರೆನಿಸಿಕೊಂಡವರ ಕರ್ತವ್ಯ.