ಸ್ಟೇರಿಂಗ್ ನಡುಗುತ್ತದೆ, ಸಾಹುಕಾರರ ಎದೆ ನಡುಗುವುದಿಲ್ಲ!

ಹಾಸನದಲ್ಲಿ ಈಗ ಪಿಕಪ್ ಗಾಡಿ ಬಾರದೆ ಅಂಗಡಿ ವ್ಯಾಪಾರ ಶುರುವಾಗುವುದಿಲ್ಲ. ಆಲೂಗೆಡ್ಡೆ ಮೂಟೆ, ಸಿಮೆಂಟು, ಸೋಡಾ ಕ್ರೇಟು, ಕಬ್ಬಿಣದ ಸರಳು, ಮದುವೆ ಮನೆಯ ಪಾತ್ರೆ ಎಲ್ಲವೂ ಅದರ ಬೆನ್ನ ಮೇಲೆ. ಲೋಡು ಇಳಿದ ಮೇಲೆ ಕೂಲಿಯಾಳುಗಳೂ ಅದರಲ್ಲೇ ವಾಪಸು. ಅರಸೀಕೆರೆಯ ತೆಂಗಿನಕಾಯಿಯಿಂದ ಹಿಡಿದು ಸಕಲೇಶಪುರದ ಕಾಫಿ, ಮೆಣಸಿನವರೆಗೆ ಜಿಲ್ಲೆಯ ಸರಕೆಲ್ಲ ಈ ಸಣ್ಣ ಗಾಡಿಗಳನ್ನು ನಂಬಿಕೊಂಡಿದೆ. ಆದರೆ ಆ ಗಾಡಿಗಳ ಮುಂದಿನ ಎರಡು ಚಕ್ರಗಳ ಮಧ್ಯೆ ಏನಾಗಿದೆ ಅಂತ ಬಗ್ಗಿ ನೋಡುವ ಪುಣ್ಯಾತ್ಮರು ಮಾತ್ರ ಕಡಿಮೆ.

ಡ್ರೈವರುಗಳನ್ನು ಕೇಳಿದರೆ ಗೊತ್ತಾಗುತ್ತದೆ. ಗಾಡಿ ಐವತ್ತು ಅರವತ್ತರ ವೇಗದಲ್ಲಿ ಹೋಗುತ್ತಿರುತ್ತದೆ. ಒಂದು ಗುಂಡಿ, ಇಲ್ಲವೇ ಸೇತುವೆಯ ಜಾಯಿಂಟು ಸಿಗುತ್ತದೆ. ಧಡ್ ಎನ್ನುತ್ತದೆ. ಮರುಕ್ಷಣವೇ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಹೊಡೆದುಕೊಳ್ಳಲು ಶುರು. ಬಾನೆಟ್ಟು ಕುಣಿಯುತ್ತದೆ, ಕೈ ಮರಗಟ್ಟುತ್ತದೆ, ಗಾಡಿ ಹೇಳಿದ ಮಾತು ಕೇಳುವುದಿಲ್ಲ. ವೇಗ ಪೂರ್ತಿ ಇಳಿಯುವ ತನಕ ಈ ನಡುಕ ನಿಲ್ಲುವುದಿಲ್ಲ. ಎದುರಿಗೆ ಬಸ್ಸು ಬರುತ್ತಿದ್ದರೆ? ರಸ್ತೆ ಬದಿ ಬಸ್ಸಿಗೆ ಕಾಯುತ್ತ ಸ್ಕೂಲ್ ಮಕ್ಕಳು ನಿಂತಿದ್ದರೆ? ಆಗ ದೇವರೇ ಗತಿ.

ಅಪಘಾತವಾದರೆ ಬರೆಯುವುದು ಒಂದೇ ಸಾಲು: 'ಚಾಲಕನ ನಿಯಂತ್ರಣ ತಪ್ಪಿ'. ನಿಯಂತ್ರಣ ತಪ್ಪಿದ್ದು ಚಾಲಕನದೋ, ಗಾಡಿಯದೋ ಎಂದು ಕೇಳುವವರು ಯಾರು?

ನಡುಕದ ಮೂಲ ಎಲ್ಲಿ?

ಇದು ಎಲ್ಲ ಪಿಕಪ್ಪುಗಳ ಕಾಯಿಲೆ ಅಲ್ಲ. ಮುಂದೆ ಒಂದೇ ಉದ್ದದ ಆಕ್ಸಲ್ಲು, ಅದರ ಎರಡು ತುದಿಗೆ ಎರಡು ಚಕ್ರ ಇರುವ ಗಾಡಿಗಳಲ್ಲಿ ಇದು ಹೆಚ್ಚು. ಜೀಪಿನ ಜಾತಿಯ ಗಾಡಿ, ಕ್ಯಾಂಟರು, ಲಾರಿ, ಹಳೇ ಬಸ್ಸು ಇವೆಲ್ಲ ಆ ಪಂಗಡದವು. ಗಟ್ಟಿಮುಟ್ಟಾದ ವ್ಯವಸ್ಥೆಯೇನೋ ಹೌದು. ಆದರೆ ಎರಡು ಚಕ್ರವೂ ಒಂದೇ ತೊಲೆಗೆ ಕಟ್ಟಿದ ಜೋಡೆತ್ತಿನ ಹಾಗೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಆಕ್ಸಲ್ ಪೂರ್ತಿ ವಾಲುತ್ತದೆ. ಜೋರಾಗಿ ತಿರುಗುವ ಚಕ್ರ ವಾಲಿದರೆ ಅದು ತಾನಾಗಿ ಪಕ್ಕಕ್ಕೆ ಹೊರಳಲು ನೋಡುತ್ತದೆ. ತಿರುಗುವ ಬುಗುರಿಯನ್ನು ತಳ್ಳಿದವರಿಗೆ ಈ ಗುಣ ಗೊತ್ತು. ಟೈರು, ಸ್ಪ್ರಿಂಗು ಸೇರಿ ಅದನ್ನು ವಾಪಸು ಎಳೆಯುತ್ತವೆ. ಅದು ಮತ್ತೆ ಆ ಕಡೆಗೆ ಹೋಗುತ್ತದೆ.

ಜಾಯಿಂಟುಗಳೆಲ್ಲ ಬಿಗಿಯಾಗಿದ್ದರೆ ಈ ಹೊಯ್ದಾಟ ಒಂದೆರಡು ಸಲಕ್ಕೇ ಸತ್ತುಹೋಗುತ್ತದೆ. ಕಿಂಗ್‌ಪಿನ್ ಬುಷ್ ಸವೆದು, ಟೈ ರಾಡ್ ಎಂಡ್ ಸಡಿಲಗೊಂಡು, ಹಬ್ ಬೇರಿಂಗು ಲೂಸಾಗಿ, ಯು-ಬೋಲ್ಟು ಕಳಚಿಕೊಂಡು, ಟೈರು ಒಂದು ಕಡೆ ತಿಂದುಹೋಗಿದ್ದರೆ ಮಾತ್ರ ಅದಕ್ಕೆ ತಡೆಯೇ ಇಲ್ಲ. ಸಣ್ಣ ಸಣ್ಣ ಸಡಿಲುಗಳೆಲ್ಲ ಸೇರಿ ಒಂದು ದೊಡ್ಡ ನಡುಕವಾಗುತ್ತದೆ. ಒಂದು ಸಾಮಾನು ಬದಲಾಯಿಸಿ 'ಸರಿಯಾಯ್ತು ತಗೊಂಡು ಹೋಗಿ' ಅಂದರೆ ಹದಿನೈದು ದಿನಕ್ಕೆ ಮತ್ತೆ ಅದೇ ರಾಗ ಕೇಳುವುದು ಇದಕ್ಕೇ.

ಅದರ ಮೇಲೆ ಲೋಡು. ಸಿಮೆಂಟು ಮೂಟೆ 50 ಕೆ.ಜಿ. ಒಂದೂವರೆ ಟನ್ನಿನ ಗಾಡಿಗೆ 30 ಮೂಟೆ ಲೆಕ್ಕ. 45 ಏರಿಸಿದರೆ 750 ಕೆ.ಜಿ. ಹೆಚ್ಚಾಯಿತು. ಹಿಂದೆ ಕುಸಿಯುತ್ತದೆ, ಮುಂದೆ ಮೂತಿ ಮೇಲೇಳುತ್ತದೆ. ಮುಂದಿನ ಚಕ್ರಕ್ಕೆ ರಸ್ತೆಯ ಮೇಲೆ ಹಿಡಿತ ಕಡಿಮೆಯಾಗಿ ಸ್ಟೇರಿಂಗು ಹಗುರವಾಗುತ್ತದೆ. ಲೋಡು ತಡೆಯಲಿ ಅಂತ ಹಿಂದಕ್ಕೆ ಎರಡು ಸ್ಪ್ರಿಂಗ್ ಪ್ಲೇಟು ಜಾಸ್ತಿ ಹಾಕಿಸುವವರೂ ಇದ್ದಾರೆ. ಕಂಪನಿಯವರು ಕೂಡಿಸಿ ಕಳೆದು ಇಟ್ಟ ಮುಂದಿನ ಚಕ್ರದ ಕೋನ ಅಲ್ಲಿಗೆ ಕೆಟ್ಟಿತು.

ಅಮೆರಿಕದಲ್ಲೂ ಇದೇ ಗೋಳು

ಬಡ ದೇಶದ ರಸ್ತೆ, ಬಡ ಗ್ಯಾರೇಜು, ಅದಕ್ಕೇ ಹೀಗೆ ಎನ್ನುವವರು ಇದನ್ನು ಕೇಳಬೇಕು. ಭಾರಿ ಪಿಕಪ್ಪುಗಳ ತವರುಮನೆಯಾದ ಅಮೆರಿಕದಲ್ಲಿ ಈ ಕಾಯಿಲೆಗೆ ಜನರೇ ಇಟ್ಟ ಹೆಸರು 'ಡೆತ್ ವಾಬಲ್', ಅಂದರೆ ಸಾವಿನ ನಡುಕ. ಫೋರ್ಡ್ ಕಂಪನಿಯ ಎಫ್-250, ಎಫ್-350 ಗಾಡಿಗಳ ಮಾಲೀಕರು 2019ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ಎಲ್ಲ ಮಾಲೀಕರ ಪರವಾಗಿ ದಾವೆ ಹೂಡಿದರು. 2005ರಿಂದ 2019ರವರೆಗಿನ ಮಾಡೆಲುಗಳಲ್ಲಿ ಈ ನಡುಕವಿದೆ, ಕಂಪನಿಗೆ ಗೊತ್ತಿದ್ದೂ ಹೇಳಲಿಲ್ಲ ಎಂಬುದು ಅವರ ಆರೋಪ. ಕ್ರೈಸ್ಲರ್ ಕಂಪನಿ 2013ರಲ್ಲಿ ಟೈ ರಾಡ್ ದೋಷಕ್ಕಾಗಿಯೇ ಸುಮಾರು 12 ಲಕ್ಷ ರ‍್ಯಾಮ್ ಟ್ರಕ್ಕುಗಳನ್ನು ವಾಪಸು ಕರೆಸಿತು. 2018, 2019ರ ರ‍್ಯಾಂಗ್ಲರ್ ಜೀಪುಗಳಲ್ಲೂ ನಡುಕದ ದೂರು ಬಂದಾಗ, ಕಂಪನಿ 2019ರಲ್ಲಿ ಹೊಸ ಮಾದರಿಯ ಸ್ಟೇರಿಂಗ್ ಡ್ಯಾಂಪರು ಹಾಕಿಕೊಡಲು ಮುಂದೆ ಬಂತು.

ಈ ಡ್ಯಾಂಪರು ಅಂದರೆ ಸ್ಟೇರಿಂಗಿನ ರಾಡಿಗೆ ಅಡ್ಡ ಕಟ್ಟುವ ಶಾಕ್ ಅಬ್ಸಾರ್ಬರು. ಒಳ್ಳೆಯ ಸಾಮಾನೇ. ಆದರೆ ಸವೆದ ಜಾಯಿಂಟನ್ನು ಹಾಗೇ ಬಿಟ್ಟು ಇದನ್ನು ಕಟ್ಟಿದರೆ ಜ್ವರದವನಿಗೆ ಕಂಬಳಿ ಹೊದಿಸಿದ ಹಾಗೆ. ನಡುಕ ಕಾಣಿಸುವುದಿಲ್ಲ, ಜ್ವರ ಹೋಗಿರುವುದಿಲ್ಲ. ಡ್ಯಾಂಪರು ಸೋತ ದಿನ ಎಲ್ಲ ಒಟ್ಟಿಗೆ ಹೊರಗೆ ಬರುತ್ತದೆ.

ಅಲ್ಲಿಗೂ ಇಲ್ಲಿಗೂ ಒಂದೇ ವ್ಯತ್ಯಾಸ. ಅಲ್ಲಿ ಗಾಡಿ ಓಡಿಸುವವನು ಹೆಚ್ಚಾಗಿ ಮಾಲೀಕನೇ. ಪ್ರಾಣ ಅವನದು, ದುಡ್ಡೂ ಅವನದು, ಕೋರ್ಟಿಗೆ ಹೋಗುವವನೂ ಅವನೇ. ಇಲ್ಲಿ ಗಾಡಿ ಒಬ್ಬರದು, ಲೋಡು ಇನ್ನೊಬ್ಬರದು, ಪ್ರಾಣ ಮೂರನೆಯವನದು. 'ಅಣ್ಣಾ, ಸ್ಟೇರಿಂಗ್ ಯಾಕೋ ಆಡ್ತಾ ಇದೆ' ಅಂತ ಡ್ರೈವರು ಹೇಳಿದರೆ ಬರುವ ಉತ್ತರ: 'ಇದೊಂದು ಟ್ರಿಪ್ ಹೊಡ್ಕೊಂಡು ಬಾರಪ್ಪ, ಆಮೇಲೆ ನೋಡಾಣ.' ಆ ಆಮೇಲೆ ಅನ್ನೋದು ಬರುವುದೇ ಇಲ್ಲ. ಎರಡು ಸಲ ಹೇಳಿದ ಡ್ರೈವರಿಗೆ ಮೂರನೇ ಸಲ ಕೆಲಸ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕಾನೂನು ಇಲ್ಲ ಅಂತ ಯಾರೂ ಹೇಳುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟೇರಿಂಗಿಗೆಂದೇ ಇರುವಂಥದು. ಚಕ್ರ ತಿರುಗದೆ ಸ್ಟೇರಿಂಗು ಸುಮ್ಮನೆ ಆಡುವ ಆಟ 30 ಡಿಗ್ರಿ ಮೀರಬಾರದು. ಗಡಿಯಾರದ ಮುಖದಲ್ಲಿ 12ರಿಂದ 1ಕ್ಕೆ ಎಷ್ಟು ದೂರವೋ ಅಷ್ಟು. ಸ್ಟೇರಿಂಗ್ ಜೋಡಣೆಯ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು. ಬೋಲ್ಟು, ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. ಇಷ್ಟೂ ಅದರಲ್ಲಿದೆ. ಆ ರಬ್ಬರ್ ಟೋಪಿಯ ಬೆಲೆ ಒಂದು ಊಟದ ಬೆಲೆಗಿಂತ ದೊಡ್ಡದಲ್ಲ. ಅದು ಹರಿದರೆ ಮಲೆನಾಡಿನ ಮಳೆಯ ಕೆಸರು ಒಳಗೆ ಹೋಗಿ, ಗ್ರೀಸು ತೊಳೆದು, ಮರಳು ಅರೆದ ಹಾಗೆ ಜಾಯಿಂಟನ್ನು ಅರೆದುಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಎಷ್ಟು ಗಾಡಿಗಳಲ್ಲಿ ಆ ಟೋಪಿ ನೆಟ್ಟಗಿದೆ?

ಮೋಟಾರು ವಾಹನ ಕಾಯಿದೆಯ 190ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ದೋಷವಿರುವ ಗಾಡಿ ಎಂದು ಗೊತ್ತಿದ್ದೂ ಓಡಿಸಿದವನು ಮಾತ್ರವಲ್ಲ, ಓಡಿಸಲು ಬಿಟ್ಟವನೂ ತಪ್ಪಿತಸ್ಥ. ಸ್ವಲ್ಪ ಗಮನಿಸಿದ್ದರೆ ಗೊತ್ತಾಗುತ್ತಿದ್ದ ದೋಷವಾದರೂ ಸಾಕು. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಲೋಡು ಮೀರಿದರೆ 2019ರ ತಿದ್ದುಪಡಿಯಂತೆ ಕಾಯಿದೆಯಲ್ಲಿ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಡ್ರೈವರು ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಲೋಡು ಏರಿದೆ ಎಂದು ಕೋರ್ಟು ಭಾವಿಸಬಹುದು ಎಂದೂ 113ನೇ ಕಲಂ ಹೇಳುತ್ತದೆ. ಪುಸ್ತಕದಲ್ಲಿ ಮಾಲೀಕ ಸಿಕ್ಕಿಬೀಳುತ್ತಾನೆ, ರಸ್ತೆಯಲ್ಲಿ ಡ್ರೈವರು ಸಿಕ್ಕಿಬೀಳುತ್ತಾನೆ.

ಇನ್ನು ಎಫ್.ಸಿ. ಸರಕಿನ ಗಾಡಿಗೆ 8 ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಆ ದಿನ ಗಾಡಿಗೆ ಬಣ್ಣ, ಹೊಸ ರಿಫ್ಲೆಕ್ಟರು, ನಂಬರ್ ಪ್ಲೇಟು, ಹೂವಿನ ಹಾರ ಒಂದೇ ಬಾಕಿ. ಒಳ್ಳೆಯ ಟೈರು ಬೇರೆ ಗಾಡಿಯಿಂದ ಬಿಚ್ಚಿ ಹಾಕಿ, ಸಂಜೆಗೆ ವಾಪಸು ಬಿಚ್ಚಿಕೊಳ್ಳುವ ಜಾಣರೂ ಉಂಟು. ಎಫ್.ಸಿ. ಸಿಕ್ಕ ಮೇಲೆ ಆ ಗಾಡಿ ಮಿಕ್ಕ 729 ದಿನ ಹೇಗೆ ಓಡುತ್ತದೆ ಎಂದು ಕೇಳುವ ವ್ಯವಸ್ಥೆ ಇಲ್ಲ. ಸ್ಟೇರಿಂಗು ಸವೆಯುವುದು ಆ ದಿನಗಳಲ್ಲಿ.

ಅಂಗಡಿಯವರ ಪಾಲೂ ಇದೆ

ತಪ್ಪನ್ನೆಲ್ಲ ಗಾಡಿ ಮಾಲೀಕರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಒಂದು ಟ್ರಿಪ್ಪಿಗೆ ನೂರು ರೂಪಾಯಿ ಕಡಿಮೆ ಬಾಡಿಗೆ ಹೇಳಿದವನಿಗೇ ಲೋಡು ಕೊಡುವವರು ಯಾರು? 'ಇನ್ನು ಹತ್ತು ಮೂಟೆ ಹಾಕ್ಕೊಳಯ್ಯ, ಅದಕ್ಕೊಂದು ಬೇರೆ ಗಾಡಿ ಕಳಿಸೋಕಾಗುತ್ತಾ' ಎನ್ನುವವರು ಯಾರು? ಕಿಂಗ್‌ಪಿನ್ ಕೆಲಸ ಮಾಡಿಸಬೇಕಾದರೆ ಗಾಡಿ ಗ್ಯಾರೇಜಿನಲ್ಲಿ ನಿಲ್ಲಬೇಕು, ಆ ದಿನದ ಬಾಡಿಗೆ ಹೋಗುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಬಾಡಿಗೆ ಕಚ್ಚಾಡಿ ಇಳಿಸಿದಾಗ ಮೊದಲು ಕಡಿತವಾಗುವುದು ಗ್ರೀಸು ಮತ್ತು ಬುಷ್ಷು. ಅದು ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೆ.

ಸಂತೆ ವ್ಯಾಪಾರಿಗಳಂತೂ ಸರಕಿನ ಮೇಲೆಯೇ ಕೂತು ಹೋಗುತ್ತಾರೆ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ತುಂಬಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ 10 ಜನ ತೀರಿಕೊಂಡರು. ಅಲ್ಲಿ ಹೇಳಿದ ಕಾರಣ ಬೇರೆ, ಇನ್ನೊಂದು ಗಾಡಿಗೆ ದಾರಿ ಬಿಡಲು ಹೋಗಿ ಅಂಚು ತಪ್ಪಿದ್ದು. ಆದರೆ ಲೋಡಿನ ಮೇಲೆ ಕೂತವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಗಾಡಿ ಯಾವ ಕಾರಣಕ್ಕೆ ರಸ್ತೆ ಬಿಟ್ಟರೂ ಅವರ ಗತಿ ಒಂದೇ. ಶಿರಾಡಿ ಘಾಟಿಯಲ್ಲಿ ಆಳು ಕೂರಿಸಿಕೊಂಡು ಇಳಿಯುವ ಗಾಡಿಯ ಸ್ಟೇರಿಂಗು ನಡುಗಿದರೆ ಏನಾದೀತು ಎಂದು ಊಹಿಸಲು ಇಂಜಿನಿಯರಾಗಬೇಕಿಲ್ಲ.

ಆಗಬೇಕಾದ್ದು ಇಷ್ಟೆ

ಪರೀಕ್ಷೆಗೆ ದೊಡ್ಡ ಮೆಷಿನ್ನು ಬೇಡ. ಒಂದು ಜಾಕಿ, ಇಬ್ಬರು ಆಳು, ಹತ್ತು ನಿಮಿಷ ಸಾಕು. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಡಿದರೆ ಒಬ್ಬ ಬ್ರೇಕು ತುಳಿಯಲಿ. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್‌ಪಿನ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಎಂಡ್ ನೋಡಬೇಕು. ಗಾಡಿ ಇಳಿಸಿ, ಒಬ್ಬ ಸ್ಟೇರಿಂಗನ್ನು ಚೂರು ಚೂರೇ ಅತ್ತಿತ್ತ ಆಡಿಸುವಾಗ ಇನ್ನೊಬ್ಬ ಕೆಳಗೆ ಮಲಗಿ ನೋಡಿದರೆ ಯಾವ ಜಾಯಿಂಟು ಸೋತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ರಸ್ತೆಯಲ್ಲೇ ನಡುಕ ಶುರುವಾದರೆ ಗಾಬರಿಯಿಂದ ಬ್ರೇಕು ಒದೆಯಬಾರದು, ಸ್ಟೇರಿಂಗಿನ ಜೊತೆ ಕುಸ್ತಿಗೆ ಬೀಳಬಾರದು. ಭದ್ರವಾಗಿ ಹಿಡಿದು, ಆಕ್ಸಲರೇಟರಿಂದ ಕಾಲು ತೆಗೆದು, ಹಂತ ಹಂತವಾಗಿ ವೇಗ ಇಳಿಸಿ ಎಡಕ್ಕೆ ನಿಲ್ಲಿಸಬೇಕು. ನಿಂತಿತಲ್ಲ ಅಂತ ಮತ್ತೆ ಅದೇ ವೇಗಕ್ಕೆ ಹೊಡೆಯುವುದು ಆತ್ಮಹತ್ಯೆ.

ಸಾರಿಗೆ ಇಲಾಖೆಯವರು ರಸ್ತೆ ಬದಿ ಗಾಡಿ ನಿಲ್ಲಿಸಿದಾಗ ಕಾಗದ ಪತ್ರದ ಜೊತೆಗೆ ಸ್ಟೇರಿಂಗನ್ನೂ ಒಮ್ಮೆ ಆಡಿಸಿ ನೋಡಲಿ. 12ರಿಂದ 1 ದಾಟಿದರೆ ಗಾಡಿ ಅಲ್ಲೇ ನಿಲ್ಲಲಿ, ನೋಟೀಸು ಮಾಲೀಕರ ಹೆಸರಿಗೆ ಹೋಗಲಿ. ಎ.ಪಿ.ಎಂ.ಸಿ. ಯಾರ್ಡುಗಳಲ್ಲಿ ತೂಕದ ಸೇತುವೆ ಇದ್ದ ಕಡೆ ಪಕ್ಕದಲ್ಲೊಂದು ಜಾಕಿ ಇಡುವುದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ವರ್ತಕರ ಸಂಘ ಮನಸ್ಸು ಮಾಡಿದರೆ ಸಾಕು. ಡ್ರೈವರು ಕೊಡುವ ದೂರು ಬಾಯಿಮಾತಾಗದೆ ಒಂದು ಪುಸ್ತಕದಲ್ಲಿ ತಾರೀಖಿನ ಸಮೇತ ದಾಖಲಾಗಲಿ. ದೋಷವಿರುವ ಮಾಡೆಲನ್ನು ಕಂಪನಿಯೇ ವಾಪಸು ಕರೆಯುವಂತೆ ಆದೇಶಿಸುವ ಅಧಿಕಾರ 2019ರ ತಿದ್ದುಪಡಿಯ 110ಎ ಕಲಮಿನಲ್ಲಿ ಕೇಂದ್ರ ಸರ್ಕಾರಕ್ಕೆ ಸಿಕ್ಕಿದೆ. ಆದರೆ ದೂರೇ ದಾಖಲಾಗದಿದ್ದರೆ ಯಾವ ಕಲಂ ತಾನೇ ಏನು ಮಾಡೀತು? ಗ್ಯಾರೇಜಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಹೇಳಿದ ದೂರು ದಿಲ್ಲಿಗೆ ಕೇಳಿಸುವುದಿಲ್ಲ.

ಅಂಗಡಿಯವರು ನಾಳೆ ಲೋಡು ಕೊಡುವ ಮುಂಚೆ ಬಾಡಿಗೆ ಎಷ್ಟು ಎಂದು ಕೇಳಿದ ಮೇಲೆ ಇನ್ನೂ ಒಂದು ಮಾತು ಕೇಳಲಿ: 'ಸ್ಟೇರಿಂಗ್ ಹೆಂಗಿದೆಯಪ್ಪ?' ಡ್ರೈವರು ತಲೆ ತಗ್ಗಿಸಿದರೆ ಮೂಟೆ ಏರಿಸಬೇಡಿ.